ಉಗುರುಗಳ ನಡುವಿನ ಕಿಂಡಿ

ಸಾಬೂದಾನಿ ಕಿಚಡಿಯನ್ನು ಕಂಡರೆ ಈಚೆಗೆ ನನ್ನ ಹಸಿವು ಹೇಳದೆ ಕೇಳದೆ ಎದ್ದು ಹೋಗುತ್ತದೆ. ಇದರಲ್ಲಿ ಸಾಬೂದಾನಿಯ ತಪ್ಪಿಲ್ಲ, ದೊಡ್ಡವ್ವನ ಕೈಗುಣದ ತಪ್ಪಂತೂ ಮೊದಲೇ ಇಲ್ಲ. ತಪ್ಪೆಲ್ಲ ನನ್ನ ರೋಗಶಾಸ್ತ್ರದ ಪುಸ್ತಕದ್ದು. ಒಂದು ಬಗೆಯ ರೋಗ ಹೊಕ್ಕ ಗುಲ್ಮವೆಂಬ ಅಂಗವನ್ನು ಕೊಯ್ದು ನೋಡಿದರೆ ಒಳಗೆ ಸಾಬೂದಾನಿ ಹರಡಿದಂತೆ ಕಾಣುತ್ತದೆಂದು ಅದು ಹೇಳುತ್ತದೆ. ರಕ್ತ ಮಡುಗಟ್ಟಿದ ಯಕೃತ್ತು ಜಾಯಿಕಾಯಿಯಂತೆ, ಕ್ಷಯ ತಿಂದ ಶ್ವಾಸಕೋಶ ಪನೀರಿನಂತೆ, ಬಾವು ಬಂದ ಹೃದಯದ ಹೊದಿಕೆ ಬೆಣ್ಣೆ ಸವರಿದ ಬ್ರೆಡ್ಡಿನಂತೆ! ಈ ಶಾಸ್ತ್ರವನ್ನು ಬರೆದ ಮಹನೀಯರು ಶವಾಗಾರದಲ್ಲಿ ಊಟವನ್ನು ನೆನೆಯುತ್ತಿದ್ದರೋ, ಊಟದ ಮನೆಯಲ್ಲಿ ಶವವನ್ನು ನೆನೆಯುತ್ತಿದ್ದರೋ, ಓದುಗರು ತಮ್ಮ ಊಟ ಮುಗಿದ ಮೇಲೆ ಯೋಚಿಸಿ ನೋಡಬಹುದು.

ನಾನು ಹಿಮ ಬೀಳುವ ದೇಶವೊಂದರಲ್ಲಿ ವೈದ್ಯಕೀಯ ಓದಿ ಬಂದವಳು. ಇಲ್ಲಿನ ಪರವಾನಗಿ ಪರೀಕ್ಷೆ ಪಾಸಾಗುವ ತನಕ ನನ್ನಂಥವರದು ತ್ರಿಶಂಕುವಿನ ಪಾಡು. ಅಲ್ಲಿ ಡಾಕ್ಟರು, ಇಲ್ಲಿ ಬರೀ ಸಾಲುಗಟ್ಟಿ ನಿಂತ ಅಭ್ಯರ್ಥಿ. ಹೋದ ಸಲ ಸ್ವಲ್ಪದರಲ್ಲಿ ನಪಾಸಾದೆ. ಅಪ್ಪ ವಾಡಿಯಲ್ಲಿ ರೈಲ್ವೆ ನೌಕರರು. ಆ ಕ್ವಾರ್ಟರ್ಸಿನಲ್ಲಿ ರೈಲಿನ ಸದ್ದನ್ನಾದರೂ ತಡೆದುಕೊಳ್ಳಬಹುದು, ನೆರೆಯವರ ‘ರಿಸಲ್ಟ್ ಏನಾಯ್ತು’ ಎಂಬ ಸದ್ದನ್ನು ತಡೆಯುವುದು ಕಷ್ಟ. ಹಾಗಾಗಿ ಪುಸ್ತಕಗಳ ಗಂಟು ಕಟ್ಟಿಕೊಂಡು ಶಹಾಬಾದಿನ ದೊಡ್ಡಪ್ಪನ ಮನೆ ಸೇರಿದೆ.

ದೊಡ್ಡಪ್ಪ ಇಡೀ ಪ್ರಾಯವನ್ನು ಫರ್ಸಿ ಕಲ್ಲಿಗೆ ಪಾಲಿಶ್ ಹಾಕಿಸುವುದರಲ್ಲಿ ಕಳೆದವರು. ಮನೆಯ ನೆಲ, ಗೋಡೆ, ಕಪಾಟಿನ ಅರೆ ಎಲ್ಲವೂ ಅದೇ ಬೂದುಗಲ್ಲು. ಹೊರಗೆ ಬಿಸಿಲು ಕಾದ ಹಂಚಾಗಿದ್ದರೂ ಪೂಜೆಯ ಕೋಣೆಯ ನೆಲ ಅಂಗಾಲಿಗೆ ತಣ್ಣಗೆ ಹತ್ತುತ್ತದೆ. ನಾನು ಓದಲು ಕೂತದ್ದು ಅಲ್ಲಿ, ಭಕ್ತಿಯಿಂದಲ್ಲ, ಸೆಕೆಯಿಂದ.

ಆದರೆ ಆ ತಂಪೇ ಕ್ರಮೇಣ ನನ್ನನ್ನು ಅಂಜಿಸತೊಡಗಿತು. ರೋಗಶಾಸ್ತ್ರದ ಪುಸ್ತಕದಲ್ಲಿ ಚಿತ್ರಗಳಿರುತ್ತವೆ, ಚಿತ್ರದ ಕೆಳಗೆ ಅಂಗದ ಹೆಸರು, ರೋಗದ ಹೆಸರು ಇರುತ್ತವೆ. ಮನುಷ್ಯನ ಹೆಸರು ಮಾತ್ರ ಇರುವುದಿಲ್ಲ. ಈ ಯಕೃತ್ತು ಯಾರದು? ಅದೂ ಯಾವುದೋ ಮದುವೆಯಲ್ಲಿ ಹೋಳಿಗೆ ಅರಗಿಸಿದ್ದೇ ಅಲ್ಲವೇ? ಹಾಗೆ ಯೋಚಿಸುತ್ತ ಕೂತಾಗ ಮಧ್ಯಾಹ್ನ ದೂರದ ಕಲ್ಲಿನ ಖಣಿಯಲ್ಲಿ ಬಂಡೆ ಒಡೆಯಲು ಮದ್ದು ಹಾರಿಸುತ್ತಿದ್ದರು. ಸದ್ದು ಕೇಳುವ ಮೊದಲೇ ನೆಲ ಅದುರುತ್ತಿತ್ತು, ಅಡುಗೆಮನೆಯ ತಾಟುಗಳು ತಾವಾಗಿ ಸಣ್ಣಗೆ ನಡುಗುತ್ತಿದ್ದವು, ತೆರೆದಿಟ್ಟ ಹಾಳೆಯ ಮೇಲಿನ ಆ ಅನಾಮಿಕ ಅಂಗವೂ ಒಮ್ಮೆ ಮಿಸುಕಿದಂತೆ ತೋರುತ್ತಿತ್ತು. ನಾನು ವಿಜ್ಞಾನದ ವಿದ್ಯಾರ್ಥಿನಿ, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಪುಸ್ತಕವನ್ನು ಮಗುಚಿಟ್ಟು ದೊಡ್ಡವ್ವನ ಪಕ್ಕ ಹೋಗಿ ಸುಮ್ಮನೆ ಸೊಪ್ಪು ಸೋಸುತ್ತಿದ್ದೆ.

ಪುಸ್ತಕವೇನೋ ಮುಚ್ಚುತ್ತಿತ್ತು, ಕಣ್ಣು ಮುಚ್ಚುತ್ತಿರಲಿಲ್ಲ. ವಾಡಿಗೆ ಹೋಗಿಬರುವಾಗ ರೈಲಿನಲ್ಲಿ ಎದುರು ಕೂತವರ ಮುಖಗಳೆಲ್ಲ ಅಧ್ಯಾಯಗಳಾಗಿ ಕಾಣುತ್ತಿದ್ದವು. ಹರಟೆ ಹೊಡೆಯುತ್ತ ಶೇಂಗಾ ಬಿಡಿಸುತ್ತಿದ್ದ ಹೆಂಗಸಿನ ಕಣ್ಣಿನ ಬಿಳಿ ಹಳದಿಗೆ ತಿರುಗಿರುವುದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ನನ್ನನ್ನೂ ನಾನು ಬಿಟ್ಟವಳಲ್ಲ. ಪ್ರತಿ ಅಧ್ಯಾಯದ ರೋಗವನ್ನೂ ಅನುಭವಿಸಿ, ಅದು ಮುಗಿದ ಕೂಡಲೇ ಗುಣವಾಗಿ, ಮುಂದಿನದಕ್ಕೆ ಹಾಸಿಗೆ ಹಿಡಿಯುತ್ತಿದ್ದೆ. ಉಗುರುಗಳ ಪರೀಕ್ಷೆಯನ್ನಂತೂ ಚಟವಾಗಿಸಿಕೊಂಡಿದ್ದೆ. ಎರಡೂ ಕೈಯ ಒಂದೇ ಬೆರಳಿನ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಬೆಳಕಿಗೆ ಹಿಡಿದರೆ, ನಡುವೆ ಶಂಕರಪೋಳಿಯ ಆಕಾರದ ಪುಟ್ಟ ಕಿಂಡಿ ಕಾಣಬೇಕು. ಬೆರಳ ತುದಿ ಉಬ್ಬಿ ಆ ಕಿಂಡಿ ಮುಚ್ಚಿಹೋಗಿದ್ದರೆ ಒಳಗೆ, ಬಹುಮಟ್ಟಿಗೆ ಶ್ವಾಸಕೋಶದಲ್ಲಿ, ಏನೋ ಕೆಟ್ಟದ್ದು ಬೇರೂರಿರಬಹುದೆಂದು ಅರ್ಥ.

ದೊಡ್ಡಪ್ಪ ದಿನಾ ಬೆಳಿಗ್ಗೆ ಮಿಂದು, ಗುಟ್ಟಾಗಿ ಸೇದಿದ ಬೀಡಿಯ ವಾಸನೆ ಹೋಗುವ ಹಾಗೆ ಬಾಯಿ ಮುಕ್ಕಳಿಸಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿ ದೃಷ್ಟಿ ನೆಟ್ಟು ಕೂರುತ್ತಾರೆ. ಆಗ ಲಿಂಗ ಅವರ ಕಡೆಗಿರುತ್ತದೆ; ಎದುರಿಗೆ ನೆಲದ ಮೇಲೆ ಕೂತವರಿಗೆ ಕಾಣುವುದು ಕೈಯ ಬೆನ್ನು, ಬೆರಳು, ಉಗುರು. ಒಂದು ಬೆಳಿಗ್ಗೆ ಪುಸ್ತಕದಿಂದ ತಲೆಯೆತ್ತಿದವಳು ಆ ಉಗುರುಗಳನ್ನು ನೋಡಿದೆ. ಗಡಿಯಾರದ ಗಾಜಿನ ಹಾಗೆ ಉಬ್ಬಿ ಹೊಳೆಯುತ್ತಿದ್ದವು. ಬೆರಳ ತುದಿಗಳು ಡೋಲು ಬಾರಿಸುವ ಕೋಲಿನ ತುದಿಯಂತೆ ದುಂಡಗಾಗಿದ್ದವು. ಪುಸ್ತಕದ ಆ ಪುಟದ ಚಿತ್ರ ಎದ್ದು ಬಂದು ನನ್ನೆದುರು ಪದ್ಮಾಸನ ಹಾಕಿ ಕೂತಿತ್ತು, ಈ ಸಲ ಅದಕ್ಕೆ ಹೆಸರೂ ಇತ್ತು.

ನಾನು ಕಣ್ಣು ಕೀಳದೆ ನೋಡಿದ್ದನ್ನು ದೊಡ್ಡಪ್ಪ ದೃಷ್ಟಿ ಕದಲಿಸದೆಯೇ ಲಿಂಗದ ಅಂಚಿನಿಂದ ಗಮನಿಸಿದ್ದರು. ನಾನು ಪರದೇಶಕ್ಕೆ ಹೋಗುವಾಗ ಕೊರಳಿನ ಇಷ್ಟಲಿಂಗವನ್ನು ಕಪಾಟಿನಲ್ಲಿಟ್ಟು ಹೋದದ್ದಕ್ಕೆ ಬಹಳ ನೊಂದಿದ್ದ ಜೀವ ಅದು. ಹುಡುಗಿಗೆ ಭಕ್ತಿ ಮೂಡಿದೆ ಎಂದೇ ತಿಳಿದರು. ಚಿಂಚೋಳಿಯ ಬೀಗರಿಗೆ ಫೋನು ಹೋಯಿತು. ಸೇಡಂನ ಸೋದರತ್ತೆ ದಿನಾ ಪೂಜೆ ತಪ್ಪಿಸದ ವರನೊಬ್ಬನನ್ನು ಗುರುತು ಹಾಕಿಯೂ ಇಟ್ಟಳು. ಮರುದಿನದಿಂದ ದೊಡ್ಡಪ್ಪ ತಾವೇ ಚಾಪೆ ಹಾಸಿ ನನ್ನನ್ನು ಎದುರಿಗೆ ಕೂರಿಸಿಕೊಳ್ಳತೊಡಗಿದರು. ಅವರು ದಿನಾ ಲಿಂಗವನ್ನು ನೋಡಿದರು, ನಾನು ದಿನಾ ಉಗುರುಗಳನ್ನು ನೋಡಿದೆ. ಆ ಮೌನದಲ್ಲಿ ಉಗುರುಗಳು ನನ್ನ ಕಣ್ಣೆದುರಿಗೇ ಬೆಳೆಯುತ್ತಿರುವಂತೆ ಭಾಸವಾಗುತ್ತಿತ್ತು. ಪೂಜೆಯಲ್ಲಿದ್ದಾಗ ಮಾತಾಡಿಸುವಂತಿಲ್ಲ, ಪೂಜೆ ಮುಗಿದ ಮೇಲೆ ಅವರ ಮುಖದ ಸಂತೋಷ ಕಂಡು ಮಾತು ಹೊರಡುತ್ತಿರಲಿಲ್ಲ. ಅಧ್ಯಾಯಕ್ಕೊಂದು ರೋಗ ಅನುಭವಿಸುವ ನಪಾಸಾದ ಡಾಕ್ಟರಿನ ಮಾತನ್ನು ಯಾರು ನಂಬಬೇಕು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜವೆಂದರೆ, ನನಗೆ ಬಹಳ ಹೆದರಿಕೆಯಾಗಿತ್ತು.

ಕೊನೆಗೊಂದು ದಿನ ಪೂಜೆ ಮುಗಿಸಿ ಕೆಮ್ಮುತ್ತ ಏಳಹೊರಟವರ ಎರಡೂ ಕೈಗಳನ್ನು ಹಿಡಿದುಕೊಂಡೆ. ನಮಸ್ಕಾರ ಮಾಡುತ್ತಾಳೆಂದು ಅವರು ಆಶೀರ್ವಾದಕ್ಕೆ ಸಿದ್ಧರಾದರು. ನಾನು ಅವರ ತೋರುಬೆರಳ ಉಗುರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ನಡುವೆ ಏನೂ ಕಾಣಲಿಲ್ಲ.

“ಏನ್ ಕಾಣಬೇಕವ್ವ ಇದ್ರಾಗ?” ಎಂದು ಕೇಳಿದರು.

“ಬೆಳಕು ಕಾಣಬೇಕ್ರಿ, ದೊಡ್ಡಪ್ಪ.”

ಅವರು ಒಂದು ಕಣ್ಣು ಮುಚ್ಚಿ, ಕಲ್ಲಿನ ಅಂಚು ನೇರವಿದೆಯೇ ಎಂದು ನೋಡುವವರ ಹಾಗೆ ತಾವೂ ನೋಡಿದರು. ಆಮೇಲೆ ನನ್ನ ಬೆರಳುಗಳನ್ನು ಜೋಡಿಸಲು ಹೇಳಿ ಅದನ್ನೂ ನೋಡಿದರು. ಅಲ್ಲಿ ಬೆಳಕಿತ್ತು. “ಇಷ್ಟು ದಿನ ನೀ ಇದನ್ನ ನೋಡ್ಲಿಕತ್ತಿದ್ದೇನು?” ಎಂದರು. ನಾನು ಹೂಂ ಎಂದೆ. ಅವರು ಬೈಯಲಿಲ್ಲ. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಬೀಡಿ ತೆಗೆದರು, ಹಚ್ಚದೆ ಒಳಗಿಟ್ಟರು. ಸಂಜೆ ದೊಡ್ಡವ್ವನನ್ನು ಕರೆದು, ನಾಳೆ ಕಲಬುರಗಿಯ ದವಾಖಾನೆಗೆ ಹೋಗಿ ಎದೆಯ ಫೋಟೊ ತೆಗೆಸಿಕೊಂಡು ಬರೋಣ, ಹುಡುಗಿಯೂ ಜೊತೆಗೆ ಬರಲಿ ಎಂದಷ್ಟೇ ಹೇಳಿದರು.

ಮರುದಿನ ಹೊರಡುವ ಮೊದಲು ಎಂದಿನಂತೆ ಪೂಜೆಗೆ ಕೂತರು. ಚಾಪೆಯನ್ನು ಹಾಸಿರಲಿಲ್ಲ, ನಾನೇ ಹಾಸಿಕೊಂಡು ಕೂತೆ. ಎಡ ಅಂಗೈಯಲ್ಲಿ ಲಿಂಗವಿತ್ತು, ಆದರೆ ಕೈ ಕಣ್ಣಿನ ಮಟ್ಟಕ್ಕೆ ಏರಲೇ ಇಲ್ಲ, ತೊಡೆಯ ಮೇಲೆಯೇ ಉಳಿಯಿತು. ದೊಡ್ಡಪ್ಪ ಮೊಣಕಾಲ ಮೇಲಿಟ್ಟ ತಮ್ಮ ಬಲಗೈಯ ಉಗುರುಗಳನ್ನು ನೋಡುತ್ತಿದ್ದರು. ಅಷ್ಟು ವರ್ಷ ಒಂದು ದಿನವೂ ಆಚೀಚೆ ಸರಿಯದಿದ್ದ ದೃಷ್ಟಿ ಅದು. ತೆರೆದ ಅಂಗೈಯಲ್ಲಿ ಲಿಂಗ ನೋಡುವವರಿಲ್ಲದೆ ಕೂತಿತ್ತು.

ಆಗ ನಾನು ಅದನ್ನು ನೋಡಿದೆ. ಮಂತ್ರವೊಂದೂ ನೆನಪಿಗೆ ಬರಲಿಲ್ಲ. ಸರಿಯುತ್ತರಕ್ಕಾಗಿ ಜೀವ ತೇಯುತ್ತ ಬಂದವಳು ಕೈಮುಗಿದು ಕೇಳಿಕೊಂಡದ್ದು ಇಷ್ಟೇ: ಈ ಒಂದು ಉತ್ತರ ಮಾತ್ರ ನನ್ನದು ತಪ್ಪಾಗಲಿ.