ಯಾರೂ ನೋಡಬಾರದೆಂದು ಹುಡುಕಿದ ಸಭೆ

ಶಾಲೆಯ ಗ್ಯಾದರಿಂಗ್‌ಗೆ ಅಂದರೆ ವಾರ್ಷಿಕೋತ್ಸವಕ್ಕೆ ಎರಡು ದಿನ ಇರುವಾಗ ಮಗಳು ಕೇಳಿದಳು: “ಬಾಬಾ, ನೀವು ಮುಂಜಾನಿ ಬಾಬಾ ಆಗಿ ಬರ್ತೀರೋ, ಸಂಜಿ ಬಾಬಾ ಆಗಿ ಬರ್ತೀರೋ?”

ನಮ್ಮ ಮನೆಯೊಳಗೆ ಬೀದರಿನ ಕನ್ನಡ, ಹೊರಗೆ ನಾಶಿಕದ ಮರಾಠಿ. ಅವಳು ಕನ್ನಡ ಮಾತಾಡುವಾಗ ನಾಲ್ಕು ಕಡೆ ಎಡವುತ್ತಾಳೆ. ಅಂದು ಒಂದು ಕಡೆಯೂ ಎಡವಲಿಲ್ಲ. ಒಳಗೆ ಹೆಂಡತಿಯ ಲಟ್ಟಣಿಗೆಯ ಸದ್ದು ನಿಂತಿತು. ಸಾತಪುರದ ಕಾರ್ಖಾನೆಯಲ್ಲಿ ಮೂವತ್ತು ಜನರನ್ನು ಗದರಿಸುವ ಸೂಪರ್‌ವೈಸರ್ ನಾನು. ಎಂಟು ವರ್ಷದ ಹುಡುಗಿಗೆ ಹೆದರಿ ಎದ್ದು ಓಡಿದೆ.

ಬಚ್ಚಲ ಮನೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಕುಡಿತ ಬಿಡುವವರ ಸಭೆ ಎಲ್ಲಿದೆಯೆಂದು ಹುಡುಕಿದೆ. ಸಿಕ್ಕಿತು. ಕಾರ್ಖಾನೆಯಿರುವ ಸಾತಪುರದಲ್ಲೇ, ಸ್ಕೂಟರಿನಲ್ಲಿ ಮನೆಯಿಂದ ಹತ್ತೇ ನಿಮಿಷ. ಅದೇ ತೊಂದರೆಯಾಯಿತು. ಇಷ್ಟು ವರ್ಷ ಬಾರಿನಿಂದ ತೂರಾಡುತ್ತ ಹೊರಬರುವುದನ್ನು ಇಡೀ ಶಿಫ್ಟಿನ ಜನ ನೋಡಿದ್ದರು, ಆಗ ಏನೂ ಅನ್ನಿಸಿರಲಿಲ್ಲ. ಬಿಡಲು ಹೋಗುವುದನ್ನು ಅವರು ನೋಡಿದರೆ ಮರ್ಯಾದೆ ಹೋಗುತ್ತದೆಂದು ಹೆದರಿದೆ! ಕೊನೆಗೆ ಛತ್ರಪತಿ ಸಂಭಾಜಿನಗರದ ಸಭೆಯನ್ನು ಆರಿಸಿಕೊಂಡೆ. ಬಸ್ಸಿನಲ್ಲಿ ನಾಲ್ಕು ತಾಸು. ಗ್ಯಾದರಿಂಗ್‌ಗೆ ಹೇಗೋ ಮುಂಜಾನಿ ಬಾಬಾ ಆಗಿಯೇ ಹೋಗಿ ಬಂದು, ಆ ಭಾನುವಾರ ಕಂಪನಿ ಕೆಲಸವೆಂದು ಹೇಳಿ ಹೊರಟೆ.

“ಐತಾರ ದಿನ ಎಂಥಾ ಕಂಪನಿ ಕೆಲಸ್ರಿ?” ಎಂದಳು ಹೆಂಡತಿ.

“ಅಲ್ಲೊಂದು ಮಶೀನ್ ಕೆಟ್ಟದ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೌದ್ರಿ, ಭಾಳ ದಿನಾತು ಕೆಟ್ಟು. ರಿಪೇರಿ ಮಾಡಿಸ್ಕೊಂಡೇ ಬರ್ರಿ.”

ಸಭೆ ಒಂದು ಶಾಲೆಯಲ್ಲಿ ನಡೆಯುತ್ತಿತ್ತು. ಕಾವಲುಗಾರನಿಗೆ ಪೂರ್ತಿ ಹೇಳಲು ನಾಚಿಕೆಯಾಗಿ “ಮೀಟಿಂಗ್?” ಎಂದಷ್ಟೇ ಕೇಳಿದೆ. ಅವನು ಮಹಡಿಯತ್ತ ಕೈ ತೋರಿಸಿದ. ಮೇಲಿನ ಕೋಣೆಯಲ್ಲಿ ಗಂಡಸರು, ಹೆಂಗಸರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಇಷ್ಟೊಂದು ಮರ್ಯಾದಸ್ಥರೂ ಕುಡಿಯುತ್ತಾರಲ್ಲ ಎಂದು ಧೈರ್ಯ ಬಂತು. ಹಲಗೆಯ ಪಕ್ಕ ನಿಂತಿದ್ದ ಟೀಚರ್ ಕೈಬರಹದ ಬಗ್ಗೆ ಹೇಳುತ್ತಿದ್ದರು. ಕೈ ನಡುಗುವ ವಿಷಯಕ್ಕೆ ಹೀಗೆ ಸುತ್ತು ಹಾಕಿ ಬರುತ್ತಿದ್ದಾರೆಂದು ತಲೆಯಾಡಿಸುತ್ತ ಕೇಳಿದೆ. ಕಾಲು ತಾಸಿನ ಮೇಲೆ ಅವರು ನನ್ನತ್ತ ತಿರುಗಿ, ಯಾವ ಮಗುವಿನ ಪಾಲಕರು ಎಂದು ಮರಾಠಿಯಲ್ಲಿ ಕೇಳಿದರು.

ಎದ್ದು ನಿಂತೆ. “ನಾನು… ನನ್ನ ಸಲುವಾಗೇ ಬಂದೀನಿ” ಎಂದು ಮರಾಠಿಯಲ್ಲೇ ಹೇಳಿದೆ.

ಅವರು ನಗಲಿಲ್ಲ. ಬಾಗಿಲವರೆಗೆ ಬಂದು, “ಕೆಳಗೆ, ನೀರಿನ ಟಾಕಿಯ ಪಕ್ಕದ ಕೋಣೆ” ಎಂದು ಮೆಲ್ಲಗೆ ತಿಳಿಸಿದರು.

ಆ ಕೋಣೆಯಲ್ಲಿ ಎಂಟು ಜನ ಇದ್ದರು. ಚಹಾ ಬಗ್ಗಿಸುತ್ತಿದ್ದವರು ತಲೆ ಎತ್ತಿದರು. ನಾಶಿಕದಲ್ಲಿ ನಮ್ಮ ಮೇಲಿನ ಮನೆಯ ಕಾಕಾ! ಕಲಬುರಗಿಯ ಕಡೆಯವರು, ಬಟ್ಟೆ ಅಂಗಡಿ ಇಟ್ಟವರು, ಹಣೆಯ ತುಂಬ ವಿಭೂತಿ. “ಅವರನ್ನ ನೋಡಿ ಕಲೀರಿ” ಎಂದು ಹೆಂಡತಿ ವಾರಕ್ಕೊಮ್ಮೆಯಾದರೂ ನನಗೆ ತೋರಿಸುತ್ತಿದ್ದ ಮನುಷ್ಯ.

ಅವರು ಇನ್ನೊಂದು ಕಪ್ಪು ಎತ್ತಿಕೊಂಡರು.

“ಸಕ್ಕರಿ ನಡೀತದಲ್ರಿ?” ಎಂದರು ಅವರು.

“ನಡೀತದ್ರಿ. ಕಾಕಾ, ನೀವು ಇಲ್ಲಿ…”

“ಒಂಬತ್ತು ವರ್ಷಾತು ಬಿಟ್ಟು. ನಾಶಿಕದಾಗ ಮಂದಿ ನೋಡ್ತಾರಂತ ಇಲ್ಲಿಗಿ ಬರ್ತೀನಿ. ನೀವು?”

“ನಾನೂ ಅದಕ್ಕೇ.”

ಮೊದಲು ಅವರು ನಕ್ಕರು, ಆಮೇಲೆ ನಾನು. ಏನೂ ತಿಳಿಯದೆ ಉಳಿದವರೂ ನಕ್ಕರು.

ನನ್ನ ಸರದಿ ಬಂದಾಗ ಎರಡು ಮಾತು ಹೇಳಿ ಕೂರಬೇಕೆಂದಿದ್ದೆ. ಮರಾಠಿಯಲ್ಲಿ ಶುರು ಮಾಡಿದೆ. ಮಗಳ ಮಾತು ಬರುವ ಹೊತ್ತಿಗೆ ಮರಾಠಿ ಸಾಲದೆ, ನನಗೇ ಗೊತ್ತಿಲ್ಲದಂತೆ ಬೀದರಿನ ಕನ್ನಡಕ್ಕೆ ಇಳಿದಿದ್ದೆ. ಕಾಕಾ ಒಬ್ಬರಿಗೇ ಅದು ಅರ್ಥವಾದದ್ದು. ಆದರೆ ಪಕ್ಕದಲ್ಲಿದ್ದ ಮುದುಕರು ಕಣ್ಣೊರೆಸಿಕೊಂಡರು. ಒಂದು ಪದವೂ ತಿಳಿಯಲಿಲ್ಲವಾದರೂ ಎಲ್ಲ ಗೊತ್ತಾಯಿತೆಂದು ಆಮೇಲೆ ನನ್ನ ಭುಜ ತಟ್ಟಿ ಹೇಳಿದರು.

ಬಸ್ಸಿನಲ್ಲಿ ಜೊತೆಯಾಗಿ ಮರಳಿದೆವು. “ನಮ್ಮಿಬ್ಬರಿಗೂ ಹಿಂಗ ಕದ್ದು ಬರೋ ಶಾಣ್ಯಾತನ ಸಾಕಾತು. ಬರೋ ವಾರ ಸಾತಪುರಕ್ಕೇ ಹೋಗೋಣ್ರಿ” ಎಂದರು ಕಾಕಾ. ಹೋದೆವು. ನನ್ನ ಶಿಫ್ಟಿನ ಒಬ್ಬ ಫಿಟ್ಟರ್ ನೋಡಿಯೇಬಿಟ್ಟ. “ನಮಸ್ಕಾರ ಸಾಹೇಬ್” ಎಂದು ತನ್ನ ದಾರಿ ಹಿಡಿದ. ಅಷ್ಟೇ.

ಎಲ್ಲವೂ ಸಲೀಸಾಯಿತೆಂದರೆ ಸುಳ್ಳಾಗುತ್ತದೆ. ಐದನೇ ವಾರ ಇಗತಪುರಿಯ ಗುಡ್ಡದ ಚಳಿಯಲ್ಲಿ, ಗೆಳೆಯರ ನಡುವೆ, ಮತ್ತೆ ಕುಡಿದೆ. ಮರುದಿನ ಮುಖ ಮುಚ್ಚಿಕೊಂಡು ಮಲಗಿದ್ದಾಗ ಕಾಕಾ ಇಳಿದು ಬಂದರು. ಉಪದೇಶ ಮಾಡಲಿಲ್ಲ. “ಏಳ್ರಿ, ಮೀಟಿಂಗಿಗಿ ಹೊತ್ತಾತು” ಎಂದು ಹೇಳಿ ಕುರ್ಚಿ ಎಳೆದು ಕೂತವರು, ನಾನು ಅಂಗಿ ಹಾಕಿಕೊಳ್ಳುವವರೆಗೂ ಏಳಲಿಲ್ಲ. ಅಂದಿನಿಂದ ಎಣಿಸಿದರೆ ಈಗ ಎರಡು ವರ್ಷ ದಾಟಿದೆ. ಇದನ್ನು ಬರೆಯಲು ಕಾಕಾ ಒಪ್ಪಿದ್ದಾರೆ.

ಕುಡಿತ ಬಿಟ್ಟ ಮೇಲೆ ಕೈಗೆ ಕೆಲಸವೇ ಸಾಲುತ್ತಿಲ್ಲ. ಮೊನ್ನೆ ಮೆಂತ್ಯ ಸೊಪ್ಪು ಬಿಡಿಸಲು ಕೂತೆ. ಹೆಂಡತಿ ಬುಟ್ಟಿ ನೋಡಿ, “ಇದರಾಗ ಎಲಿ ಯಾವುದು, ಕಡ್ಡಿ ಯಾವುದ್ರಿ?” ಎಂದು ಮತ್ತೊಮ್ಮೆ ಬಿಡಿಸಲು ನನ್ನ ಪಕ್ಕದಲ್ಲೇ ಕೂತಳು.