ಮೊದಲ ಬನ್ನಿ ಕಡಿಯುವ ಕೈ

ನಮ್ಮ ಹನುಮಂತರಾಯ ದೊರೆಗಳಿಗೆ ರಾಜ್ಯ ಇರಲಿಲ್ಲ. ಅಜ್ಜನ ಕಾಲಕ್ಕೆ ಹೊಲ ಹೋಗಿ, ಅಪ್ಪನ ಕಾಲಕ್ಕೆ ವಾಡೆಯ ಬಾಗಿಲುಗಳೂ ಹೋಗಿ, ಇವರ ಪಾಲಿಗೆ ಉಳಿದದ್ದು ದೊರೆ ಎಂಬ ಹೆಸರು, ಮತ್ತೆ ಬಲಗೈ. ದಸರೆಯ ದಿನ ಊರಿನ ಹಿರಿಯ ಮಾನಪ್ಪ ಹಲಗೆ ಬಡಿಸಿಕೊಂಡು ಬಂದು ಕರೆಯಬೇಕು, ದೊರೆ ಹೋಗಿ ಬನ್ನಿ ಮರದ ಮೊದಲ ಟೊಂಗೆ ಕಡಿಯಬೇಕು. ಅಲ್ಲಿಯತನಕ ಊರಲ್ಲಿ ಯಾರೂ ಒಂದೆಲೆ ಮುಟ್ಟುವಂತಿಲ್ಲ. ಆದರೆ ಆ ಕೈ ದೇವರಿಗಲ್ಲದೆ ಮತ್ಯಾರಿಗೂ ಮುಗಿದಿರಬಾರದು. ವರ್ಷದ ಉಳಿದ ದಿನ ಆ ಕೈಗೆ ಬಾಯಿಯತನಕ ಒಯ್ಯಲು ಏನೂ ಇರುತ್ತಿರಲಿಲ್ಲ ಎಂಬುದನ್ನು ಯಾರೂ ರೂಢಿಗೆ ಸೇರಿಸಿರಲಿಲ್ಲ.

ಹೀಗೆ ಹಸಿದು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದವರನ್ನು ನಾನೇ ಪಂಪಮ್ಮನ ನಾಟಕ ಕಂಪನಿಗೆ ಕರೆತಂದೆ. ನಾನು ಆ ಕಂಪನಿಗೆ ಹಾಸ್ಯ ಬರೆಯುವವ. ನನ್ನ ಹಾಸ್ಯಕ್ಕಿಂತ ಪರದೆ ಸಿಕ್ಕಿಕೊಂಡಾಗಲೇ ಜನ ಹೆಚ್ಚು ನಗುತ್ತಾರೆ ಎಂಬುದು ಬೇರೆ ಮಾತು. ನಿಜವಾದ ದೊರೆಯೇ ಸಿಕ್ಕಮೇಲೆ ರಾಜನ ಪಾತ್ರಕ್ಕೆ ಇನ್ನೇನು ಬೇಕು ಎಂದು ಹಿಗ್ಗಿದ್ದೆ.

ಪಂಪಮ್ಮ "ಯಾರಲ್ಲಿ!" ಎಂದು ಹೇಳಿಸಿ ನೋಡಿದಳು. ದೊರೆ ಹೇಳಿದರು, ನೆರೆಮನೆಯಲ್ಲಿ ನೀರು ಕೇಳಿದಷ್ಟು ಮೆತ್ತಗೆ.

"ಇವ್ರು ರಾಜ ಆಗಂಗಿಲ್ಲ ಬಿಡ್ರಿ ಮಾಸ್ತರ," ಎಂದಳು. "ರಾಜ ಅಂದ್ರ ಒದರಬೇಕು. ನಮ್ಮ ಜಿಲಾನಿಸಾಬ್ ಒದರಿದ್ರ ಹಿಂದಿನ ಸಾಲಿನ ಕೂಸು ಉಚ್ಚಿ ಹೊಯ್ಕೋತೈತಿ."

ಹೀಗಾಗಿ ಜಿಲಾನಿಸಾಬ್ ರಾಜನಾಗಿಯೇ ಉಳಿದ, ದೊರೆ ಅವನ ಬಾಗಿಲ ಕಾವಲುಗಾರರಾದರು. "ಕೈ ಮುಗಿಯೂದು ಮಾತ್ರ ಆಗಂಗಿಲ್ಲರೀ," ಎಂಬುದೊಂದೇ ಅವರ ಕರಾರು. ನಾನು ಇದ್ದಬದ್ದ ಪ್ರತಿಭೆಯನ್ನೆಲ್ಲ ಖರ್ಚು ಮಾಡಿ, ಎರಡೂ ಕೈಯಲ್ಲಿ ಹಿಡಿಯಬೇಕಾದಂಥ ದಪ್ಪ ಈಟಿ ಮಾಡಿಸಿಕೊಟ್ಟೆ. ಸಿಂಧನೂರಿನಲ್ಲಿ ನಡೆಯಿತು. ಲಿಂಗಸುಗೂರಿನಲ್ಲೂ ನಡೆಯಿತು. ಹೊತ್ತುಹೊತ್ತಿಗೆ ಉಂಡು ದೊರೆಯ ಗಲ್ಲಗಳು ತುಂಬಿಕೊಂಡವು.

ದಸರೆಗೆ ಮುಂಚೆ ಕಂಪನಿ ಮಸ್ಕಿಗೆ ಬಂತು. ಅಲ್ಲಿಂದ ದೊರೆಯ ಊರಿಗೆ ಟಂಟಂ ಆಟೋ ಓಡಾಡುತ್ತದೆ. ಮೊದಲ ಆಟಕ್ಕೇ ಮಾನಪ್ಪ ಊರಮಂದಿಯನ್ನು ಕಟ್ಟಿಕೊಂಡು ಬಂದು ಮುಂದಿನ ಸಾಲುಗಳಲ್ಲಿ ಕೂತ.

ದೊರೆ ಈಟಿ ಹಿಡಿದು ರಂಗಕ್ಕೆ ಬಂದರು. ಮುಂದಿನ ಸಾಲುಗಳು ದಡಬಡ ಎದ್ದು ನಿಂತವು. ಅವರ ಊರಿನ ರೂಢಿ ಅದು: ದೊರೆ ಬಂದರೆ ಏಳಬೇಕು, ದೊರೆ ಕೂರುವತನಕ ಕೂರಬಾರದು.

"ಕುಂದರ್ರಲೇ! ನಿಮ್ಮ ಬೆನ್ನು ನೋಡಾಕ ಟಿಕೀಟ ತಗಸೀವೇನ್?" ಹಿಂದಿನವರು ಕೂಗಿದರು.

"ನಮ್ಮ ದೊರಿ ನಿಂತಾರ, ನಾವು ಹೆಂಗ ಕುಂದ್ರೂದು?" ಎಂದ ಮಾನಪ್ಪ.

"ರಾಜ ಅಲ್ಲಿ ಕುಂತಾನ, ವಾಚಮನ್‌ಗೆ ಎದ್ದು ನಿಂತೀರಲ್ಲೋ!"

ನನ್ನ ಒಂದು ಸಾಲಿಗೂ ಬಾರದಷ್ಟು ನಗೆ ಬಂತು. ನಗೆಯ ಹಿಂದೆಯೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾರಿ ಬಂತು.

ದೊರೆ ಕೂರುವುದಾದರೂ ಎಲ್ಲಿ? ರಂಗದ ಮೇಲಿದ್ದ ಆಸನ ಒಂದೇ, ಜಿಲಾನಿಸಾಬನ ಸಿಂಹಾಸನ. ಕೂರಿರೆಂದು ಕಣ್ಸನ್ನೆ ಮಾಡಿದರು, ಊರವರು ಅಲ್ಲಾಡಲಿಲ್ಲ.

ಪಕ್ಕದ ಪರದೆಯ ಮರೆಯಿಂದ ಪಂಪಮ್ಮ ಪಿಸುಗುಟ್ಟಿದಳು: "ದೊರಿ, ನಿಮ್ಮ ಕಾಲ ಬೀಳ್ತೀನಿ, ರಾಜಗ ಕೈ ಮುಗೀರಿ. ಕಾವಲುಗಾರ ಅಂತ ತಿಳದು ಕುಂದರ್ತಾರ. ಆಟ ನಿಂತ್ರ ಟೆಂಟ್ ಹರೀತಾರ್ರಿ. ನಾಳಿಂದ ಇಷ್ಟೂ ಮಂದಿ ಏನ್ ಉಣ್ಣೂದು?"

ದೊರೆ ನನ್ನತ್ತ ನೋಡಿದರು. ನಾನು ಪರದೆಯ ಹಗ್ಗದತ್ತ ನೋಡಿದೆ. ಅವರು ಈಟಿಯನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿ, ಜಿಲಾನಿಸಾಬನ ಮುಂದೆ ಬಾಗಿ ಎರಡೂ ಕೈ ಜೋಡಿಸಿದರು.

"ಅಪ್ಪಣೆ, ಮಹಾಪ್ರಭು."

ಮೊದಲು ಮಾನಪ್ಪ ಕೂತ. ಆಮೇಲೆ ಉಳಿದವರು. ಹಿಂದಿನವರು ಸಿಳ್ಳೆ ಹೊಡೆದರು. ಜಿಲಾನಿಸಾಬ್ ಆ ದಿನದ ತನ್ನ ಮಾತನ್ನೆಲ್ಲ ನೆರೆಮನೆಯಲ್ಲಿ ನೀರು ಕೇಳಿದಷ್ಟು ಮೆತ್ತಗೆ ಹೇಳಿ ಮುಗಿಸಿದ.

ದಸರೆಯ ದಿನ ದೊರೆ ನಸುಕಿನಲ್ಲೇ ಮಿಂದು, ಅಪ್ಪನ ರುಮಾಲು ಸುತ್ತಿಕೊಂಡು, ಟೆಂಟಿನ ಮುಂದೆ ಬಣ್ಣದ ಪೆಟ್ಟಿಗೆಯ ಮೇಲೆ ರಸ್ತೆಗೆ ಮುಖ ಮಾಡಿ ಕೂತರು.

"ಮಾನಪ್ಪ ಬರ್ತಾನ್ರಿ ಮಾಸ್ತರ," ಎಂದರು. "ಆಟ ಬ್ಯಾರೆ, ರೂಢಿ ಬ್ಯಾರೆ. ಅವಗ ಗೊತ್ತೈತಿ."

ಬಿಸಿಲೇರಿತು. ಊಟಕ್ಕೆ ಕರೆದರೆ ಏಳಲಿಲ್ಲ. ಸಂಜೆ ಅವರ ಊರ ಕಡೆಯ ಟಂಟಂನಿಂದ ಇಳಿದವರ ಕೈಯಲ್ಲಿ ಬನ್ನಿ ಇತ್ತು. "ಮೊದಲ ಟೊಂಗಿ ಮಾನಪ್ಪನೇ ಕಡದ," ಎಂದರು, ದೊರೆಯ ಮುಖ ನೋಡದೆ.

ಜಿಲಾನಿಸಾಬ್ ಅವರಿಂದಲೇ ಒಂದಿಷ್ಟು ಎಲೆ ಇಸಿದುಕೊಂಡು ಬಂದ. "ಬನ್ನಿ ಬಂಗಾರ ತಗೋರಿ ದೊರಿ. ಬಂಗಾರದಂಗ ಇರೂಣು."

ದೊರೆ ಎಲೆಗಳನ್ನೇ ನೋಡುತ್ತ ಕೂತರು. "ನಾ ಮೊದಲ ಕೊಟ್ಟಾವ, ಜಿಲಾನಿ, ತಗೊಂಡಾವಲ್ಲ," ಎಂದರು. "ಎರಡೂ ಕೈ ಚಾಚಬೇಕೇನಪಾ?"

"ಹೌದ್ರಿ."

ದೊರೆ ರುಮಾಲು ಬಿಚ್ಚಿ ಪೆಟ್ಟಿಗೆಯ ಮೇಲಿಟ್ಟು, ಎರಡೂ ಕೈ ಚಾಚಿದರು.