ಲಾಗ ಮರೆತ ಹುಳುಗಳು

ಇವತ್ತು ಬೀರು ತೆಗೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ವಿಲೆ ಪಾರ್ಲೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅಪ್ಪ, ಲೋಕಲ್ ರೈಲಿನ ಹಳಿಯ ಪಕ್ಕದ ಕಾಡುಹೂಗಳಿಂದ ಪುಟ್ಟ ಕರಿಹುಳುಗಳನ್ನು ಹಿಡಿದು ತರುತ್ತಿದ್ದರು. ಮುಟ್ಟಿದರೆ ಸಾಕು, ಅವು ಲಾಗದ ಮೇಲೆ ಲಾಗ ಹಾಕುತ್ತಿದ್ದವು. ಆಮೇಲೆ ಪೆಟ್ಟಿಗೆಯಲ್ಲಿ ಸೂಜಿಗೆ ಸಿಕ್ಕಿ ಸುಮ್ಮನಿರುತ್ತಿದ್ದವು. ಮೂಲೆಯಲ್ಲಿ ಬಿಳಿ ಗುಳಿಗೆಗಳು.

"ಇದ್ಯಾಕಪ್ಪ?"

"ನುಸಿಗುಳಿಗೆ ಪುಟ್ಟಿ. ಹುಳಕ್ಕೆ ಆಗಲ್ಲ."

ಅವು ಲಾಗ ಮರೆತದ್ದು ಇದರಿಂದಲೇ ಎಂದುಕೊಂಡು, ಗುಳಿಗೆಗಳನ್ನೆಲ್ಲ ಕಿಟಕಿಯಿಂದಾಚೆ ಎಸೆದೆ. ಕೆಲವೇ ದಿನಗಳಲ್ಲಿ ಇರುವೆ ಮುತ್ತಿ, ಪೆಟ್ಟಿಗೆಯಲ್ಲಿ ಸೂಜಿಗಳೂ ಅಪ್ಪ ಬರೆದ ಹೆಸರಿನ ಚೀಟಿಗಳೂ ಮಾತ್ರ ಉಳಿದವು.

"ಗುಳಿಗೆ ಹಾಕೋದೇ ಮರ್ತೆ ನೋಡು," ಎಂದು ಅಪ್ಪ ಹಣೆ ಹಿಡಿದು ಕೂತರು. ನಾನು ಮೆಲ್ಲಗೆ ಹೋಗಿ ಕಿಟಕಿ ಮುಚ್ಚಿದೆ.

ಈಗ ಅಪ್ಪನಿಗೆ ನನ್ನ ಹೆಸರೂ ನೆನಪಿಲ್ಲ. ಗುಳಿಗೆ ಮರೆತದ್ದು ಮಾತ್ರ ನೆನಪಿದೆ.